ವಾಹ್‌ಗಾಗಿ ಖಾಲಿ ಬಿಟ್ಟ ಜಾಗ

ಆಮರ್ಸ್‌ಫೋರ್ಟಿನ ನಮ್ಮ ಮನೆಗೂ ಪಕ್ಕದ ಮನೆಗೂ ಸೇರಿ ಇರುವುದು ಒಂದೇ ಗೋಡೆ. ಗೋಡೆಯ ಈಚೆ ನನ್ನ ಆರಾಮಕುರ್ಚಿ, ಆಚೆ ಒಂದು ಪಿಯಾನೋ. ಕಟ್ಟಿದ ಮಹಾಶಯರು ಆ ಗೋಡೆಗೆ ಇಟ್ಟಿಗೆಗಿಂತ ಹೆಚ್ಚಾಗಿ ನಂಬಿಕೆಯನ್ನೇ ಬಳಸಿದ್ದರಿಂದ, ಚೀನಾದ ಸಂಗೀತ ಸಂಯೋಜಕಿಯೊಬ್ಬರು ಪಕ್ಕದ ಮನೆಗೆ ಬಾಡಿಗೆಗೆ ಬಂದ ದಿನವೇ ನಾನು ಅವರ ಕಾಯಂ ಶ್ರೋತೃವಾಗಿ, ನನ್ನ ಒಪ್ಪಿಗೆಯಿಲ್ಲದೆ, ನೇಮಕಗೊಂಡೆ.

ಆಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಹಾಡನ್ನು ಹಿಡಿದು ಜಗ್ಗುತ್ತಿದ್ದರು. ಅದು ಯಾವುದೋ ಜಾನಪದ ಧಾಟಿ ಎಂಬುದು ಗೋಡೆಯೊಳಗಿಂದಲೂ ಗೊತ್ತಾಗುತ್ತಿತ್ತು. ಆದರೆ ಒಂದು ತಿರುವಿನಲ್ಲಿ ಸ್ವರ ಜಾರಬೇಕು, ಜಾರುತ್ತಿರಲಿಲ್ಲ. ಪಿಯಾನೋದಲ್ಲಿ ಜಾರುವ ಸೌಲಭ್ಯ ಇಲ್ಲ. ಕಪ್ಪು ಬಿಳಿ ಕೀಲಿಗಳ ಸಾಲಿನಲ್ಲಿ ಈ ಮನೆಯಿಂದ ಆ ಮನೆಗೆ ಜಿಗಿಯಬೇಕು. ಧಾರವಾಡದಲ್ಲಿ ಬೆಳೆದು, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೇ ಸಂಗೀತ ಎಂದು ತಿಳಿದುಕೊಂಡ ನನಗೆ ಇದು ದಿನಾ ಬೆಳಿಗ್ಗೆ ಹಲ್ಲುನೋವು. ಕೊನೆಗೆ ದೂರು ಕೊಡಲು ನಿರ್ಧರಿಸಿದೆ. ಈ ಡಚ್ಚರ ದೇಶದಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಲೂ ಅಫ್‌ಸ್ಪ್ರಾಕ್ ಬೇಕು. ಮುಂಚಿತವಾಗಿ ದಿನ, ಗಳಿಗೆ ಗೊತ್ತುಮಾಡಿಕೊಳ್ಳದೆ ಇಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗುವುದಿಲ್ಲ. ನಾನೂ ಗೊತ್ತುಮಾಡಿಕೊಂಡು ಹೋದೆ.

ಹಾಡು ಕುಂಟುತ್ತಿದೆ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಹೌದು, ಎಂದರು ತಮ್ಮ ಇಂಗ್ಲಿಷಿನಲ್ಲಿ. ಸಿಟ್ಟು ಬರಲಿಲ್ಲ. ಚಹಾ ಕೊಟ್ಟರು. ಅದು ಅವರ ಅಜ್ಜ ಸಿಚುವಾನಿನ ಒಂದು ಚಹಾ ಅಂಗಡಿಯಲ್ಲಿ ಎರಡು ತಂತಿಯ ಪಿಟೀಲಿನ ಮೇಲೆ ನುಡಿಸುತ್ತಿದ್ದ ಧಾಟಿಯಂತೆ. ಅಜ್ಜನ ಬೆರಳು ತಂತಿಯ ಮೇಲೆ ಜಾರುತ್ತಿತ್ತು. ಮೊಮ್ಮಗಳು ಪಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ, ಒಂದನ್ನು ಮೆಲ್ಲಗೆ ಬಿಟ್ಟು, ಜಾರಿದ ಹಾಗೆ ಭ್ರಮೆ ಹುಟ್ಟಿಸಲು ಹೆಣಗುತ್ತಿದ್ದರು.

ಆದರೆ ಆಕೆಯನ್ನು ಕಾಡುತ್ತಿದ್ದದ್ದು ಅದಲ್ಲ. ಆ ಅಂಗಡಿಯಲ್ಲಿ ಧಾಟಿ ಒಂದು ತಿರುವಿಗೆ ಬಂದಾಗ ಮುದುಕರೆಲ್ಲ ಬಟ್ಟಲು ಕೆಳಗಿಟ್ಟು ‘ಹಾವೋ’ ಎಂದು ಕೂಗುತ್ತಿದ್ದರಂತೆ, ಭೇಷ್ ಅಂತ. ಕೂಗಿ ಮುಗಿಯುವ ತನಕ ಅಜ್ಜ ಮುಂದೆ ಹೋಗುತ್ತಿರಲಿಲ್ಲವಂತೆ. ಆಕೆ ತಮ್ಮ ರಚನೆಯಲ್ಲಿ ಆ ಕೂಗಿಗೆಂದೇ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದರು. ಎಲ್ಲೆಲ್ಲಿ ನುಡಿಸಿದರೂ ಡಚ್ ಶ್ರೋತೃಗಳು ತೊಡೆಯ ಮೇಲೆ ಕೈಯಿಟ್ಟುಕೊಂಡು, ಆ ಖಾಲಿ ಜಾಗದ ಉದ್ದಕ್ಕೂ ಶ್ರಾದ್ಧಕ್ಕೆ ಬಂದವರ ಹಾಗೆ ಕೂತಿದ್ದರು. ಮಾಸ್ಟ್ರಿಕ್ಟಿನಲ್ಲಿ ಒಬ್ಬ ವಿಮರ್ಶಕ ಅದನ್ನು ಪೂರ್ವದೇಶದ ಗಾಢ ಮೌನ ಎಂದು ಹೊಗಳಿ ಬರೆದ.

“ಅದು ಮೌನ ಅಲ್ಲ,” ಎಂದರು ಆಕೆ. “ಯಾರೂ ಬಾಯಿ ಬಿಡಲಿಲ್ಲ, ಅಷ್ಟೆ.”

ರಚನೆ ಅಚ್ಚಿಗೆ ಹೋಗುವುದರಲ್ಲಿತ್ತು. ಪ್ರಕಾಶಕರು ಆ ಖಾಲಿ ಜಾಗ ತೆಗೆಯಿರಿ, ಓಟ ನಿಲ್ಲುತ್ತದೆ ಎಂದು ಪಟ್ಟು ಹಿಡಿದಿದ್ದರು. ಇದೇ ಊರಿನ ಚರ್ಚಿನಲ್ಲಿ ಇನ್ನೊಂದು ಸಂಗೀತ ಕಛೇರಿ ಇತ್ತು, ಅಲ್ಲಿಯವರೆಗೆ ತಡೆಯಿರಿ ಎಂದು ಆಕೆ ಕೇಳಿಕೊಂಡಿದ್ದರು. ಅಲ್ಲಿ ಆ ಜಾಗಕ್ಕೆ ಜೀವ ಬಂದರೆ ಅದು ಅಚ್ಚಾಗುತ್ತದೆ, ಇಲ್ಲವಾದರೆ ಅಜ್ಜನ ಚಹಾ ಅಂಗಡಿಗೆ ಬೀಗ.

ನಾನು ಧಾರವಾಡದ ಸಂಗೀತ ಬೈಠಕ್ಕುಗಳ ವಿಷಯ ತೆಗೆದೆ. ಅಲ್ಲಿ ಮುಂದಿನ ಸಾಲಿನಲ್ಲಿ ಕೂತು ವಾಹ್ ಎನ್ನದವನು ಒಂದೋ ಕಿವುಡ, ಇಲ್ಲವೇ ಹಾಡುವವರ ದಾಯಾದಿ ಎಂದು ಹೇಳಿದೆ. ಆಕೆ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ನೀವು ಬಂದು ಅಂದುಕೊಡುತ್ತೀರಾ ಎಂದು ಕೇಳಿದರು. ಒಬ್ಬರು ಶುರುಮಾಡಿದರೆ ಉಳಿದವರಿಗೂ ಧೈರ್ಯ ಬಂದೀತು ಎಂಬುದು ಅವರ ಲೆಕ್ಕಾಚಾರ. ಇಂಥ ಹುದ್ದೆಯನ್ನು ನಿರಾಕರಿಸುವಷ್ಟು ಚಿಕ್ಕ ಮನುಷ್ಯ ನಾನಲ್ಲ.

ಮನೆಯಲ್ಲಿ ಈ ಗೌರವಕ್ಕೆ ತಕ್ಕ ಸ್ವಾಗತ ಸಿಗಲಿಲ್ಲ. ಮಗಳು ಫೋನಿನಿಂದ ತಲೆ ಎತ್ತದೆ, “ಅಪ್ಪಾ, ಪ್ಲೀಸ್. ನನ್ನ ಟೀಚರ್ಸ್ ಎಲ್ಲಾ ಅಲ್ಲೇ ಬರ್ತಾರೆ,” ಎಂದು ತಾನು ಬರುವುದಿಲ್ಲವೆಂದು ಸಾರಿದಳು. ಹೆಂಡತಿ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು.

“ಇಷ್ಟ ವರ್ಷದಾಗ ನಾ ಮಾಡಿದ ಸಾರಿಗೆ ಒಮ್ಮಿನೂ ವಾಹ್ ಅಂದಿಲ್ಲ ನೀವು. ಈಗ ಚರ್ಚಿಗೆ ಹೋಗಿ ಹಂಚಾಕ ಹೊಂಟೀರಿ.”

ಆದರೂ ಬರಲು ಒಪ್ಪಿದಳು. ಕಛೇರಿ ಮುಗಿದ ಮೇಲೆ ಕಾಫಿ ಇರುತ್ತದೆಂದು ಆಣೆ ಮಾಡಿ ಹೇಳಿದ್ದೆ.

ತಾಲೀಮು ಗೋಡೆಯ ಮೂಲಕವೇ ನಡೆಯಿತು. ಆಚೆ ಆಕೆ ತಿರುವಿಗೆ ಬಂದು ಪಿಯಾನೋ ನಿಲ್ಲಿಸಿ ಕೈ ಎತ್ತುವುದು, ಈಚೆ ನಾನು ವಾಹ್ ಎನ್ನುವುದು, ತಡವಾದರೆ ಆಕೆ ಗೋಡೆಗೆ ಒಂದು ಗುದ್ದು ಹಾಕುವುದು. ಮೊದಮೊದಲು ಗುದ್ದಿನ ಮೇಲೆ ಗುದ್ದು. ಆಮೇಲೆ ನನ್ನ ವಾಹ್ ರೈಲಿನ ಹಾಗೆ, ಎಂದರೆ ಇಲ್ಲಿಯ ರೈಲು ಹೇಗೆ ಬರಬೇಕೆಂದು ಬೋರ್ಡಿನಲ್ಲಿ ಬರೆದಿರುತ್ತದೋ ಹಾಗೆ, ವೇಳೆಗೆ ಸರಿಯಾಗಿ ಬರತೊಡಗಿತು. ಇನ್ನೊಂದು ಪಕ್ಕದ ಮನೆಯವರು ಮಾತ್ರ ಟಪಾಲು ಕಿಂಡಿಯಲ್ಲಿ ಒಂದು ಹೂವಿನ ಕಾರ್ಡು ಹಾಕಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದ್ದರು.

ಕಛೇರಿಯ ದಿನ ಚರ್ಚು ತುಂಬಿತ್ತು. ಒಂದು ರಚನೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಜನರೆಲ್ಲ ಒಟ್ಟಿಗೆ ಕೆಮ್ಮಿ ಮುಗಿಸಿ, ಮತ್ತೆ ಕಲ್ಲಾಗುತ್ತಿದ್ದರು. ಕೆಮ್ಮಿಗೂ ಅಫ್‌ಸ್ಪ್ರಾಕ್. ಅಜ್ಜನ ಧಾಟಿ ಶುರುವಾಯಿತು. ಗೋಡೆಯ ಅಡ್ಡಿಯಿಲ್ಲದೆ ಕೇಳಿದ್ದು ಅದೇ ಮೊದಲು, ಆದರೆ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ತಿರುವು ಬಂತು. ಆಕೆ ಕೈ ಎತ್ತಿದರು. ನಾನು, ವೇಳೆಗೆ ಸರಿಯಾಗಿ, ಅಂದೆ:

“ವಾಹ್.”

ಮುಂದಿನ ನಿಲ್ದಾಣದ ಹೆಸರು ಹೇಳಿದಂತಿತ್ತು. ಮುಂದಿನ ಬೆಂಚಿನವನು ಹಿಂತಿರುಗಿ ನೋಡಿದ. ಪಕ್ಕದ ಮುದುಕಿ ನನ್ನ ಗಂಟಲಿಗೆ ಏನೋ ಆಗಿದೆಯೆಂದು ಮರುಗಿ, ಸದ್ದಾಗದಂತೆ ಚೀಲ ತೆರೆದು ಒಂದು ಪೆಪ್ಪರ್‌ಮಿಂಟ್ ಕೊಟ್ಟಳು. ಬೇರೆ ಯಾರೂ ಉಸಿರೆತ್ತಲಿಲ್ಲ. ಖಾಲಿ ಜಾಗ ಖಾಲಿಯಾಗಿಯೇ ಮುಗಿಯಿತು, ಆಕೆ ಕೈ ಇಳಿಸಿ ಮುಂದೆ ಹೋದರು. ಈ ದೇಶದ ಮಳೆ, ತೆರಿಗೆ, ಗಾಳಿಗೆ ಎದುರಾಗಿ ತುಳಿಯುವ ಸೈಕಲ್ಲು ಎಲ್ಲವನ್ನೂ ಸಹಿಸಿದ್ದೇನೆ. ಆ ಬೆಂಚಿನ ಮೇಲೆ ಪೆಪ್ಪರ್‌ಮಿಂಟ್ ಹಿಡಿದುಕೊಂಡು ಕೂತಾಗ ಬಂದಷ್ಟು ಸಿಟ್ಟು ಯಾವುದಕ್ಕೂ ಬಂದಿರಲಿಲ್ಲ. ಅವರ ಮೇಲೆ ಸಿಟ್ಟು, ನನ್ನ ದನಿಯ ಮೇಲೂ ಸಿಟ್ಟು. ಬೈಠಕ್ಕಿನಲ್ಲಿ ನಾನು ಯಾವತ್ತಾದರೂ ವಾಹ್ ಅನ್ನಲು ಕಾದು ಕೂತಿದ್ದೆನೇ?

ರಚನೆಯ ಕೊನೆಗೆ ಧಾಟಿ ಮತ್ತೆ ಬಂತು. ಈ ಸಲ ಪಕ್ಕವಾದ್ಯದಂಥ ಗದ್ದಲವೆಲ್ಲ ಕಳಚಿ, ಮಂದ್ರದಲ್ಲಿ, ಒಂದೇ ಎಳೆ. ಆಕೆ ಎರಡು ಮನೆಗಳನ್ನು ಒತ್ತಿ ಒಂದನ್ನು ಬಿಟ್ಟರು. ಸ್ವರ ಜಾರಿತು. ಜಾರಲು ಬರದ ವಾದ್ಯದಲ್ಲಿ, ಜಾರಿಯೇ ಬಿಟ್ಟಿತು.

“ಅಯ್ಯ ನಮ್ಮವ್ವಾ...” ಎಂದಳು ನನ್ನ ಹೆಂಡತಿ, ಮತ್ತು ಬೈಠಕ್ಕಿನಲ್ಲಿ ಮನಸೋತವರ ಹಾಗೆ ಲೊಚಗುಟ್ಟಿದಳು.

ಕಾಫಿಗಾಗಿ ಬಂದು, ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದವಳು. ಆ ಲೊಚಗುಟ್ಟಿದ ಸದ್ದು ಮಾಡಿನ ತೊಲೆ ಮುಟ್ಟಿ ಬಂತು. ನಾನು, ಶ್ಲಾಘನೆಗೆಂದೇ ನೇಮಕಗೊಂಡ ಅಧಿಕಾರಿ, ಏನು ಮಾಡಿದೆ? ಅವಳಿಗೆ ಮೊಣಕೈಯಿಂದ ತಿವಿದು, “ಶ್! ಸುಮ್ಕಿರ,” ಎಂದೆ. ಇಲ್ಲಿ ಕಳೆದ ವರ್ಷಗಳೆಲ್ಲ ಒಟ್ಟಿಗೆ ನನ್ನ ಬಾಯಿಂದ ಹೊರಬಿದ್ದವು.

ಪಿಯಾನೋದ ಮೇಲೆ ಆಕೆಯ ಕೈ ನಿಂತಿತ್ತು. ಅಲ್ಲಿ ನಿಲ್ಲಬೇಕೆಂದು ಕಾಗದದಲ್ಲಿ ಇರಲಿಲ್ಲ. ಭುಜ ಒಮ್ಮೆ ಅಲುಗಿತು. ಆಮೇಲೆ ಮುಂದಿನ ಸ್ವರ ಬಂತು.

ಕಾಫಿಯ ಹೊತ್ತಿಗೆ ಆಕೆ ನನ್ನನ್ನು ದಾಟಿಕೊಂಡು ಸೀದಾ ಹೆಂಡತಿಯ ಹತ್ತಿರ ಹೋದರು. ಯಾವ ಸ್ವರಕ್ಕೆ ಹಾಗಂದಿರಿ ಎಂದು ಕೇಳಿದರು. ನಾನು ಅನುವಾದಿಸಿದೆ.

“ನನಗೇನ್ ಗೊತ್ತ್ರೀ? ಬಂತು, ಅಂದೆ,” ಎಂದಳು ಇವಳು, ಬಿಸ್ಕತ್ತು ಅದ್ದುತ್ತ.

ಅದನ್ನೂ ಅನುವಾದಿಸಿದೆ. ಹಾಗಾದರೆ ಖಾಲಿ ಜಾಗ ತೆಗೆದುಬಿಡುತ್ತೇನೆ ಎಂದರು ಆಕೆ. ನಾನು ವಾದಿಸಿದೆ. ತೆಗೆಯಬೇಡಿ, ಬೇಕಾದರೆ ಕೊನೆಯ ಜಾರುವಿಕೆಯ ಪಕ್ಕಕ್ಕೆ ಸರಿಸಿ ಎಂದೆ.

“ಜಾಗ ಬಿಟ್ಟರೆ ಅಲ್ಲೂ ಅವರು ಬಾಯಿ ಬಿಡುವುದಿಲ್ಲ,” ಎಂದರು. ಅಜ್ಜನೂ ಜಾಗ ಬಿಡುತ್ತಿರಲಿಲ್ಲ ಎಂಬುದು ಆಕೆಗೆ ಈಗ ನೆನಪಾಯಿತಂತೆ. ಆ ಮುದುಕರು ಕೂಗುತ್ತ ನಡುವೆ ನುಗ್ಗುತ್ತಿದ್ದರು, ಅಜ್ಜನಿಗೆ ನಿಲ್ಲದೆ ಗತಿ ಇರಲಿಲ್ಲ.

ರಚನೆ ಅಚ್ಚಾಯಿತು. ತನ್ನ ಮಾತೇ ಗೆದ್ದಿತೆಂದು ತಿಳಿದ ಪ್ರಕಾಶಕ ಹೂಗುಚ್ಛ ಕಳಿಸಿದ, ಅದನ್ನು ಆಕೆ ನನ್ನ ಹೆಂಡತಿಗೆ ಕೊಟ್ಟರು. ನನಗೆ ಒಂದು ಪ್ರತಿ ಬಂತು. ನನ್ನ ಹುದ್ದೆ ಇದ್ದ ಕಡೆ ಈಗ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಒಬ್ಬ ಮನುಷ್ಯ ಕೆಮ್ಮುವಷ್ಟೂ ಸಂದಿಲ್ಲ.

ಈಗ ಗೋಡೆಯ ಆಚೆ ಹೊಸ ಧಾಟಿ ನಡೆದಿದೆ. ನಿನ್ನೆ ಬೆಳಿಗ್ಗೆ ಅದು ಎಲ್ಲೋ ಜಾರಿದಾಗ ಅಡುಗೆಮನೆಯಿಂದ ಹೆಂಡತಿ ಲೊಚಗುಟ್ಟಿದಳು. ಪಿಯಾನೋ ನಿಂತಿತು. ನಾನೂ ಕುರ್ಚಿಯಿಂದ ಎದ್ದು, ಮನಸಾರೆ, ವಾಹ್ ಎಂದೆ.

ಗೋಡೆಗೆ ಒಂದು ಗುದ್ದು ಬಿತ್ತು.