ಕಾಕಾನ ಕಾರು ಹತ್ತಲಿಲ್ಲ

ಗೆಳೆಯರೇ, ಇವತ್ತು ಬೆಳಿಗ್ಗೆ ಗಜೇಂದ್ರಗಡದ ಗುಡ್ಡದ ಕ್ರಾಸಿನಲ್ಲಿ ನಿಂತು ಬಂದ ಗಾಡಿಗಳಿಗೆಲ್ಲ ಕೈ ಮಾಡಿದೆ. ಬಸ್ಸು ಬಂದಿರಲಿಲ್ಲ, ಹತ್ತು ಗಂಟೆಗೆ ರೋಣದ ಶಾಲೆಯೊಂದರಲ್ಲಿ ನನ್ನ ಮೊದಲ ಸಂದರ್ಶನವಿತ್ತು. ಕೊನೆಗೆ, ಸವಡಿಯ ಹೊಲಕ್ಕೆ ಕಳೆ ಕಸ ತೆಗೆಯಲು ಹೊರಟಿದ್ದ ಹೆಣ್ಣುಮಕ್ಕಳ ಟಂಟಂ ಆಟೊ ನಿಂತಿತು.

“ಎಲ್ಲಿಗವಾ?” ಎಂದಳು ಹಿರಿಯಾಕೆ. ರೋಣ ಅಂದೆ.

“ಹತ್ತ ಲಗೂ. ಏ ಶಾಂತವ್ವ, ಸರಿಯ ಆಕಡೆ, ಒಬ್ಬಾಕಿನ ಇಬ್ಬರ ಜಾಗಾ ಹಿಡದಿ!”

ಲಕ್ಕಲಕಟ್ಟಿ ದಾಟುವಾಗ ಕಾರೊಂದು ಅಡ್ಡ ಬಂದು ನಿಂತಿತು. ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮ ಕಾಕಾ.

“ಇಳಿ ಕೆಳಗ! ನಮ್ಮ ಮನಿ ಹುಡುಗಿ ಕೂಲಿಯವರ ಗಾಡ್ಯಾಗ? ಮಂದಿ ಏನಂದಾರು? ನಡಿ, ಮನಿಗೆ ಬಿಡ್ತೀನಿ.”

“ರೋಣಕ್ಕ ಬಿಡ್ರಿ ಕಾಕಾ, ಇಳೀತೀನಿ. ಇಂಟರ್‌ವ್ಯೂ ಐತಿ.”

“ಅದನ್ನೆಲ್ಲಾ ಆಮ್ಯಾಲ ನೋಡೋಣು. ಮೊದಲ ಮನಿಗೆ ನಡಿ.”

ದೊಡ್ಡವರ ಮುಂದೆ ನನ್ನ ದನಿ ಹೊರಡುವುದೇ ಕಡಿಮೆ. ಇವತ್ತು ಹೊರಟಿತು.

“ಬರಾಂಗಿಲ್ರಿ. ಕಾರ್ ಬಾಜೂಕ ತಗೀರಿ, ಇವರಿಗೂ ಕೆಲಸಕ್ಕ ಹೊತ್ತಾಗೇತಿ.”

ಕಾಕಾ ಬಾಯಿ ತೆರೆಯುವಷ್ಟರಲ್ಲಿ ಹಿರಿಯಾಕೆ ಡ್ರೈವರನ ಬೆನ್ನು ತಟ್ಟಿ, “ಹೊಡಿಯೋ ತಮ್ಮಾ” ಅಂದಳು. ಟಂಟಂ ಮಣ್ಣಿಗಿಳಿದು ಕಾರನ್ನು ಸುತ್ತಿಕೊಂಡು ಮುಂದೆ ಹೋಯಿತು. ಸವಡಿಯಲ್ಲಿ ಅವರೆಲ್ಲ ಇಳಿದು, ನನ್ನನ್ನು ರೋಣದ ಶಾಲೆಯ ಬಾಗಿಲಿಗೇ ಬಿಟ್ಟು ಬರಲು ಡ್ರೈವರನಿಗೆ ಹೇಳಿದರು. ಹೆಸರು ಕರೆದಾಗ ನಾನು ಅಲ್ಲಿದ್ದೆ.

ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕಾಕಾ ಈ ಪೋಸ್ಟ್ ಓದುತ್ತಾರೆ, ಓದಲಿ. ಗುರುತಿಲ್ಲದವರ ಗಾಡಿ ಹತ್ತಬಾರದೆಂದು ಮನೆಯಲ್ಲಿ ಸಂಜೆಯಿಂದ ನನಗೆ ಬುದ್ಧಿ ಹೇಳುತ್ತಿದ್ದಾರೆ. ಆದರೆ ಇವತ್ತು ದಾರಿಗೆ ಅಡ್ಡ ನಿಂತವರು ಗುರುತಿನವರೇ.