ಮೊಹರಿಲ್ಲದ ಅರ್ಜಿ

ದೋಹಾದ ಓಲ್ಡ್ ಏರ್‌ಪೋರ್ಟ್ ಬದಿಯಲ್ಲಿದ್ದ ಒಂದು ಕಟ್ಟಡ ಗುತ್ತಿಗೆ ಕಂಪನಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಹೈಸ್ಕೂಲು ಮುಗಿಸಿ, ಬಂಟ್ವಾಳದಲ್ಲಿ ಟೈಪಿಂಗ್ ಕಲಿತು ಹೋದವನು ನಾನು. ನನ್ನ ಮೇಲಧಿಕಾರಿ ಸ್ಕಾಟ್ಲೆಂಡಿನ ಒಬ್ಬ ಇಂಜಿನಿಯರ್. ಅವರಿಗೆ ಮಾಡಿದ ಒಂದು ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಒಂದೋ ಎರಡೋ ಎಂಬುದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಅವರ ಮೇಜಿನ ಮೇಲೆ ರಟ್ಟು ಸವೆದ ಒಂದು ನೋಟ್ ಪುಸ್ತಕ ಇರುತ್ತಿತ್ತು. ಅವರ ಅಜ್ಜ ಶುರು ಮಾಡಿದ್ದು, ಅಪ್ಪ ಮುಂದುವರಿಸಿದ್ದು. ಅವರ ಊರಿನ ಪಾರ್ಲಿಮೆಂಟ್ ಕ್ಷೇತ್ರದ ಒಂದೊಂದು ಚುನಾವಣೆಗೂ ಅದರಲ್ಲಿ ಒಂದು ಪುಟ. ಗೆದ್ದವರು, ಸೋತವರು, ಅವತ್ತಿನ ಹವೆ, ಎಲ್ಲ ಇತ್ತು. ಮನೆಯವರಲ್ಲಿ ಯಾರಾದರೂ ಮತ ಹಾಕದಿದ್ದರೆ ಕೆಳಗೆ ಕಾರಣ ಬರೆಯಬೇಕೆಂಬುದು ಅಜ್ಜನ ಕಟ್ಟಳೆಯಂತೆ. ಒಂದು ಕಡೆ ಅಜ್ಜಿಗೆ ಹೆರಿಗೆ, ಇನ್ನೊಂದು ಕಡೆ ಚಿಕ್ಕಪ್ಪ ಹಡಗಿನಲ್ಲಿ. ಏನೂ ಬರೆದಿಲ್ಲವೆಂದರೆ ಎಲ್ಲರೂ ಹಾಕಿದ್ದಾರೆಂದು ಅರ್ಥ.

ಕೆಲಸ ಕಡಿಮೆ ಇದ್ದ ದಿನ ಅವರು ನನ್ನನ್ನು ಕೂರಿಸಿಕೊಂಡು ಅದನ್ನೆಲ್ಲ ವಿವರಿಸುತ್ತಿದ್ದರು. ಮೊದಲು ಜಮೀನ್ದಾರರ ಪಕ್ಷ, ಆಮೇಲೆ ಕಾರ್ಮಿಕರ ಪಕ್ಷ, ನಡುವೆ ಪ್ರತ್ಯೇಕ ದೇಶ ಬೇಕೆನ್ನುವ ಪಕ್ಷ. ದ್ವೀಪಗಳ ಮತಪೆಟ್ಟಿಗೆ ದೋಣಿಯಲ್ಲಿ ಬರುವವರೆಗೆ ಎಣಿಕೆ ಮುಗಿಯುತ್ತಿರಲಿಲ್ಲವಂತೆ. ಒಂದು ಸಲ ಒಂದು ಬಸ್ಸಿನಲ್ಲಿ ಹಿಡಿಸುವಷ್ಟೇ ಜನರ ಅಂತರದಲ್ಲಿ ಒಬ್ಬ ಗೆದ್ದಿದ್ದನಂತೆ. ಅವರು ದೋಹಾಕ್ಕೆ ಬಂದ ಮೇಲೆ ಅವರ ಪರವಾಗಿ ಊರಿನಲ್ಲಿರುವ ತಂಗಿ ಮತ ಹಾಕುತ್ತಿದ್ದಳು. ಅವಳದು ಬೇರೆ ಪಕ್ಷ. ತನ್ನ ಮತ ತನ್ನ ಪಕ್ಷಕ್ಕೆ ಹಾಕಿ, ಅಣ್ಣನದನ್ನು ಅವನು ಹೇಳಿದ ಪಕ್ಷಕ್ಕೆ ಹಾಕಿ ಬರುತ್ತಿದ್ದಳು. ಅವಳು ಹಾಗೆಯೇ ಹಾಕಿದ್ದಾಳೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಆ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ.

ಹೊರದೇಶದಲ್ಲಿರುವವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯಬೇಕಾದರೆ ವರ್ಷವರ್ಷವೂ ಅರ್ಜಿ ಕಳಿಸಬೇಕಿತ್ತು. ಒಂದು ಅಕ್ಟೋಬರಿನ ಮೊದಲಲ್ಲಿ ಅವರು ಅದನ್ನು ತುಂಬಿಸಿ ನನಗೆ ಕೊಟ್ಟು, ಫೈಲಿಗೆ ಒಂದು ಪ್ರತಿ ತೆಗೆದು ಇವತ್ತೇ ಟಪಾಲಿಗೆ ಹಾಕು ಎಂದು ಹೇಳಿ ಉಮ್ಮ್ ಸಲಾಲಿನ ಸೈಟಿಗೆ ಹೋದರು. ನೋಡಿದರೆ ಅರ್ಜಿಯಲ್ಲಿ ಸಹಿ ಮಾತ್ರ ಇತ್ತು, ಮೊಹರು ಇರಲಿಲ್ಲ.

ಅಲ್ಲಿ ಇದ್ದವರಿಗೆ ಇದರ ಅರ್ಥ ಗೊತ್ತು. ಕಂಪನಿಯ ದುಂಡು ಮೊಹರು, ಅಲ್ಲಿಯ ಮಾತಿನಲ್ಲಿ ಖತಮ್, ಬೀಳದ ಕಾಗದವನ್ನು ಯಾವ ಕಚೇರಿಯೂ ಮುಟ್ಟುತ್ತಿರಲಿಲ್ಲ. ಹಿಂದಿನ ತಿಂಗಳಷ್ಟೇ ಮೊಹರಿಲ್ಲದ ಒಂದು ಪತ್ರ ಕಳಿಸಿದ್ದಕ್ಕೆ ಇದೇ ಸಾಹೇಬರು ನನ್ನನ್ನು ಚೆನ್ನಾಗಿ ಬೈದಿದ್ದರು. ಖತಮ್ ಇರುತ್ತಿದ್ದುದು ಅರಬ್ ಮ್ಯಾನೇಜರರ, ನಾವೆಲ್ಲ ಮುದೀರ್ ಎನ್ನುತ್ತಿದ್ದವರ, ಬೀಗ ಹಾಕಿದ ಡ್ರಾಯರಿನಲ್ಲಿ. ಅವರು ತಂದೆಯ ಚಿಕಿತ್ಸೆಗೆಂದು ಬೊಂಬಾಯಿಗೆ ಹೋಗಿದ್ದರು.

ನಮ್ಮ ಕಂಪನಿಯ ಡ್ರೈವರ್ ಪುತ್ತೂರಿನವನು, ಟಪಾಲು ಒಯ್ಯುವವನು. ಅವನನ್ನು ಕೇಳಿದೆ.

"ಖತಮ್ ಇಲ್ಲದ್ದು ಯಾರು ತೆಗೊಳ್ತಾರೆ ಮಾರಾಯ? ನನ್ನ ಲೈಸನ್ಸಿನ ಕಾಗದ ಮೂರು ಸಲ ವಾಪಸ್ ಬಂದಿದೆ" ಎಂದ.

"ಇದು ಓಟಿನದ್ದು. ಅವರ ದೇಶಕ್ಕೆ ಹೋಗುವುದು."

"ಇಲ್ಲಿ ಕೂತು ಅಲ್ಲಿ ಓಟು ಹಾಕುವುದಾ? ನಾವು ಊರು ಬಿಟ್ಟ ಮೇಲೆ ನಮ್ಮ ಓಟು ಯಾರು ಹಾಕಿದ್ದಾರೋ ಆ ಮೇಲಿರುವವನಿಗೇ ಗೊತ್ತು. ಇಡು ಅಲ್ಲಿ. ಮುದೀರ್ ಬಂದ ಮೇಲೆ ಕುಟ್ಟಿಸಿದರಾಯ್ತು."

ಸೈಟಿಗೆ ಒಂದು ಫೋನು ಮಾಡಬಹುದಿತ್ತು. ಸಾಹೇಬರಿಗೆ ಪಾಠ ಹೇಳಿದ ಹಾಗಾದೀತೆಂದು ಮಾಡಲಿಲ್ಲ. ಅರ್ಜಿಯನ್ನು ಮೊಹರಿಗೆ ಕಾಯುವ ಕಾಗದಗಳ ಫೈಲಿನಲ್ಲಿ ಇಟ್ಟೆ. ಅವರ ದೇಶದ ಆ ಅರ್ಜಿಗೆ ಸಹಿಯೊಂದೇ ಸಾಕಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಮ್ಯಾನೇಜರ್ ಬಂದಾಗ ಒಂದು ರಾಶಿ ಕಾಗದಕ್ಕೆ ಮೊಹರು ಬಿತ್ತು. ಇದು ಫೈಲಿನ ರಟ್ಟಿಗೆ ಅಂಟಿಕೊಂಡು ಉಳಿದಿತ್ತು. ನಾನು ಮರೆತೇಬಿಟ್ಟಿದ್ದೆ.

ಮುಂದಿನ ವರ್ಷ ಅಲ್ಲಿ ಚುನಾವಣೆ ಬಂತು. ತಂಗಿ ಮತಗಟ್ಟೆಗೆ ಹೋದರೆ ಅಣ್ಣನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವಳ ಪತ್ರ ಹಿಡಿದುಕೊಂಡು ಬಂದು ಸಾಹೇಬರು ಕೇಳಿದರು.

"ಅರ್ಜಿ ಕಳಿಸಿದ್ದೆಯಲ್ಲ?"

"ಕಳಿಸಿದ್ದೆ ಸರ್" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಕಳಿಸಿದ್ದೇನೆ ಎಂದೇ ಅನಿಸಿತ್ತು. ಮಧ್ಯಾಹ್ನ ಫೈಲು ಬಿಚ್ಚಿದಾಗ ಅದು ಅಲ್ಲೇ ಇತ್ತು. ಆಗ ಎದ್ದು ಅವರ ಕೋಣೆಗೆ ಹೋಗಬೇಕಿತ್ತು. ನಾನು ಅದನ್ನು ಹರಿದು ಚೂರು ಮಾಡಿದೆ.

ಮರುದಿನ ಸಾಹೇಬರು ತಮ್ಮ ಊರಿನ ಮತದಾರರ ಪಟ್ಟಿಯ ಕಚೇರಿಗೆ ದೂರು ಬರೆಸಿದರು. ಬೇಜವಾಬ್ದಾರಿಯಿಂದ ನನ್ನ ಅರ್ಜಿ ಕಳೆದಿದ್ದೀರಿ ಎಂದು ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಉತ್ತರ ಬರೆದವಳು ಅಲ್ಲಿಯ ಗುಮಾಸ್ತೆ. ಎಲ್ಲ ಕಡೆ ಹುಡುಕಿದೆ, ಸಿಗಲಿಲ್ಲ, ನನ್ನ ಕೈಯಲ್ಲೇ ತಪ್ಪಿಹೋಗಿರಬೇಕು, ಕ್ಷಮಿಸಿ ಎಂದಿದ್ದಳು. ಪತ್ರವನ್ನು ನಾನು ಎರಡು ಸಲ ಓದಿದೆ. ಅವಳು ನೋಡದೇ ಇದ್ದ ಕಾಗದವನ್ನು ತಾನೇ ಕಳೆದೆ ಎಂದು ಹೇಗೆ ಒಪ್ಪಿದಳು? ಸಾಹೇಬರ ಸಿಟ್ಟು ಇಳಿಯಿತು. ಪ್ರಾಮಾಣಿಕ ಹೆಂಗಸು ಎಂದರು. ನಾನು ಹೌದು ಸರ್ ಎಂದೆ.

ಕೆಲವು ವರ್ಷಗಳ ನಂತರ ಆ ಕ್ಷೇತ್ರವೇ ಇಲ್ಲವಾಯಿತು. ಗಡಿ ಹೊಸದಾಗಿ ಎಳೆದು ಅದನ್ನು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿದರಂತೆ. ಅವರ ಮತ ತಪ್ಪಿದ್ದೇ ಆ ಕ್ಷೇತ್ರದ ಕಡೆಯ ಚುನಾವಣೆ ಎಂದು ಆಗ ಗೊತ್ತಾಯಿತು. ಸಾಹೇಬರು ಊರಿಗೆ ಮರಳುವ ತಯಾರಿಯಲ್ಲಿದ್ದರು. ನೋಟ್ ಪುಸ್ತಕವನ್ನು ಪೂರ್ತಿ ಟೈಪ್ ಮಾಡಿಸಿ ಊರಿನ ಲೈಬ್ರರಿಗೆ ಕೊಡಬೇಕೆಂದು ನನ್ನ ಮುಂದಿಟ್ಟರು. ಕೊನೆಯ ಪುಟದ ಕೆಳಗೆ, ಗುಮಾಸ್ತೆಯ ಅಜಾಗ್ರತೆಯಿಂದ ನನ್ನ ಮತ ತಪ್ಪಿತು ಎಂದು ಬರೆದಿದ್ದರು. ಅವಳ ಹೆಸರೂ ಇತ್ತು.

"ಸರ್, ಇದು ಬೇಕಾ?" ಎಂದೆ.

"ಆದದ್ದನ್ನು ಬರೆಯಬೇಕಲ್ಲ" ಎಂದರು. ನನ್ನ ಮುಖ ನೋಡಿ, "ಅವಳ ಮೇಲೆ ಸಿಟ್ಟೇನಿಲ್ಲ ನನಗೆ" ಎಂದೂ ಸೇರಿಸಿದರು.

ಆ ಹೊತ್ತಿಗೆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಿದ್ದರೆ ಅವರು ಏನೂ ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ನೋಟ್ ಪುಸ್ತಕ ಎತ್ತಿಕೊಂಡು ನನ್ನ ಮೇಜಿಗೆ ಬಂದೆ.

ಎರಡು ವಾರ ಕೂತು ಎಲ್ಲವನ್ನೂ ಟೈಪ್ ಮಾಡಿದೆ. ಗುಮಾಸ್ತೆಯ ಆ ಸಾಲಿಗೆ ಬಂದಾಗ ಅದನ್ನು ಬಿಟ್ಟೆ. ಅವರು ಓದಿ ನೋಡಲಿಲ್ಲ. ನಿನ್ನ ಕೆಲಸದಲ್ಲಿ ತಪ್ಪಿರುವುದಿಲ್ಲ ಎಂದು ಹೇಳಿ, ಮೊದಲ ಹಾಳೆಗೆ ಸಹಿ ಹಾಕಿ ಕಟ್ಟಿಸಿದರು.

ಆ ಹೆಂಗಸಿನ ಹೆಸರು ಉಳಿಸಲೆಂದು ಬಿಟ್ಟೆನೋ, ನನ್ನ ಕಣ್ಣೆದುರು ಅದು ಇರಬಾರದೆಂದು ಬಿಟ್ಟೆನೋ, ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಗೊತ್ತಿರುವುದು ಇಷ್ಟೇ: ಆ ಲೈಬ್ರರಿಯಲ್ಲಿ ನನ್ನ ಹಾಳೆಗಳನ್ನು ತೆರೆದವರು, ಕಡೆಯ ಚುನಾವಣೆಯಲ್ಲಿ ಸಾಹೇಬರೂ ಮತ ಹಾಕಿದ್ದರು ಎಂದೇ ತಿಳಿಯುತ್ತಾರೆ. ಅವರು ಹಾಕಿರಲಿಲ್ಲ. ಕಾರಣ ನಾನು.