ಪಟ್ಟಿಯಲ್ಲಿಲ್ಲದ ಬಾವಿ

೧೯೯೮ನೇ ಇಸವಿ ನವೆಂಬರ್ ೧೨, ಗುರುವಾರ, ಬೆಳಗ್ಗೆ ೬ ಗಂಟೆ ೪೦ ನಿಮಿಷ. ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗದಲ್ಲಿ, ಬಾಗಿಲಿನಿಂದ ನೂರಾ ಎಂಬತ್ತಾರು ಮೆಟ್ಟಿಲು ಕೆಳಗೆ ನಾವಿಬ್ಬರೇ ನಿಂತಿದ್ದೆವು. ನೀರಿನ ಸದ್ದು ಪೂರ್ತಿ ನಿಂತುಹೋಗಿತ್ತು. ಆ ಗಳಿಗೆಯನ್ನು ಬಿಟ್ಟು ನಮ್ಮ ಅಕ್ಕನವರ ಬಗ್ಗೆ ಬರೆಯಲು ನನಗೆ ಬೇರೆ ಆರಂಭ ತೋಚುತ್ತಿಲ್ಲ.

ಅಣೆಕಟ್ಟುಗಳ ಚರಿತ್ರೆಯಲ್ಲಿ ಕಟ್ಟಿದವರಿಗೆ ದೊಡ್ಡ ಜಾಗವಿದೆ. ಕಟ್ಟಿದ್ದು ನಿಂತಿದೆಯೇ ಎಂದು ದಿನವೂ ಇಳಿದು ನೋಡಿದವರಿಗೆ ಒಂದು ಸಾಲೂ ಇಲ್ಲ. ಮೂವತ್ತಾರು ವರ್ಷ ಹಾಗೆ ಇಳಿದು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ವೀಕ್ಷಕಿಯನ್ನು ಇಡೀ ಇಲಾಖೆ ‘ಅಳತೆ ಅಕ್ಕ’ ಎಂದೇ ಕರೆಯುತ್ತದೆ. ಒಬ್ಬರು ಸೋರುವ ನೀರಿನ ಅಳತೆಯ ಅಂಕಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನೇ ಮರುಓದಬೇಕು, ಇಬ್ಬರೂ ಸಹಿ ಹಾಕಬೇಕು ಎಂಬ ನಮ್ಮ ನಿಯಮವನ್ನು ಜಾರಿಗೆ ತಂದವರು ಅವರೇ.

೧೯೭೬ರಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಸುರಂಗದ ಭಯಕ್ಕೆ ರಾಜೀನಾಮೆ ಬರೆದಿಟ್ಟುಕೊಂಡಿದ್ದರಂತೆ. ಸುರಂಗದ ಚಾವಣಿಯಿಂದ ಸುಣ್ಣ ಬಿಳಿ ಬೇರುಗಳಂತೆ ಇಳಿಬಿದ್ದಿರುತ್ತದೆ. ಮುಂದೆ ಯಾರೋ ನಡೆಯುತ್ತಿದ್ದಾರೆ ಅನ್ನಿಸುತ್ತದೆ, ನಾವು ನಿಂತರೆ ಆ ಹೆಜ್ಜೆಯೂ ನಿಲ್ಲುತ್ತದೆ. ಭಾನುವಾರ ಪ್ರಾರ್ಥನೆಯಲ್ಲಿದ್ದಾಗ, ದಿನವೂ ಇಳಿ, ಅಳೆಯದೆ ಬರೆಯಬೇಡ ಎಂದು ದೇವರು ಹೇಳಿದಂತಾಯಿತು ಎಂದು ಅವರು ನನಗೆ ತಿಳಿಸಿದ್ದಾರೆ. ರಾಜೀನಾಮೆ ಹರಿದು ಸೋಮವಾರ ಇಳಿದರು. ಸುರಂಗದ ತುದಿಯಲ್ಲಿ, ಕಟ್ಟುವಾಗ ಬಂಡೆ ಪರೀಕ್ಷೆಗೆಂದು ತೋಡಿದ ಅರವತ್ತು ಮೀಟರ್ ಆಳದ ಒಣ ಬಾವಿಯಿದೆ. ಅದರ ಮೇಲೆ ಬಾಗಿ, “ಕರ್ತನೇ, ಇಲ್ಲೇ ಇದ್ದೀನಿ” ಎಂದು ಕೂಗಿದರು. ಬಾವಿ “ಇದ್ದೀನಿ” ಎಂದಿತು. ಅಂದಿನಿಂದ ಒಂದು ದಿನವೂ ಆ ಕೂಗು ತಪ್ಪಲಿಲ್ಲ.

ಭೌತಶಾಸ್ತ್ರದ ಪದವಿ ಹೊತ್ತು ೧೯೯೮ರ ಜುಲೈನಲ್ಲಿ ಬಂದ ನನಗೆ ಇದು ತಮಾಷೆಯಾಗಿತ್ತು. “ಏನಕ್ಕಾ, ಇವತ್ತೂ ಉತ್ತರ ಬಂತಾ?” ಎಂದು ಕೆಣಕುತ್ತಿದ್ದೆ. “ಬಂತಪ್ಪಾ. ನಿನ್ನ ಕೇಳ್ತು, ಆ ಸೋಮಾರಿ ಎದ್ನಾ ಅಂತ” ಎನ್ನುತ್ತಿದ್ದರು. ಒಮ್ಮೆ ನಾನು ಕೆಳಗಿಳಿಯದೆ ಅಂದಾಜಿನ ಅಂಕಿ ಬರೆದಾಗ ಅವರು ಬೈಯಲಿಲ್ಲ. ಟಾರ್ಚ್ ಕೈಗಿತ್ತು, “ಬಾ, ಕಾಲೇನೂ ಸವೆಯಲ್ಲ” ಎಂದು ನನ್ನೊಂದಿಗೆ ಮತ್ತೊಮ್ಮೆ ಅಷ್ಟೂ ಮೆಟ್ಟಿಲು ಇಳಿದರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ನನ್ನ ಪಾಳಿಯನ್ನೂ ಅವರೇ ಮಾಡಿದರು. ಹಾಜರಿಯಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ‘ಬಂದಿಲ್ಲ’ ಎಂದೇ ಬರೆದು, ರಜೆ ಕೊಡಿಸಲು ತಾವೇ ಓಡಾಡಿದರು.

ಆ ವರ್ಷ ಜಲಾಶಯ ತುಂಬಿತ್ತು. ಯಾವ ಅಣೆಕಟ್ಟೇ ಆಗಲಿ ತುಸು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಹೊರಹೋಗಲೆಂದೇ ಸುರಂಗದ ನೆಲದಲ್ಲಿ ರಂಧ್ರಗಳಿರುತ್ತವೆ. ನಿಮಿಷಕ್ಕೆ ಅರವತ್ತೆರಡು ಲೀಟರ್ ಇದ್ದ ಒಸರು ಆರು ವಾರಗಳಲ್ಲಿ ಒಂಬತ್ತಕ್ಕೆ ಇಳಿಯಿತು. ಬಿರುಕು ಮುಚ್ಚಿಸಿದ್ದರ ಫಲ ಇದು ಎಂದು ಮುಖ್ಯ ಇಂಜಿನಿಯರ್ ಹಿಗ್ಗಿದರು, ನಾನೂ ಹಿಗ್ಗಿದೆ. ‘ಸೋರಿಕೆ ನಿಂತಿದೆ, ಅಣೆಕಟ್ಟು ಸುರಕ್ಷಿತ’ ಎಂಬ ಪತ್ರಕ್ಕೆ ಅಕ್ಕ ಸಹಿ ಹಾಕಬೇಕಿತ್ತು. ಅವರು ಹಾಕಲಿಲ್ಲ.

“ಅಮ್ಮಾ, ಸೋರೋದು ನಿಂತ್ರೆ ಖುಷಿಪಡೋರನ್ನ ನೋಡಿದ್ದೀನಿ. ಮುಖ ಸಪ್ಪೆ ಮಾಡ್ಕೊಂಡೋರು ನೀವೊಬ್ರೇ” ಎಂದರು ಇಂಜಿನಿಯರ್. “ನೀರು ಬರ್ತಿಲ್ಲ ಅಂತ ಗೊತ್ತು ಸರ್. ಎಲ್ಲಿಗೆ ಹೋಯ್ತು ಅಂತ ಗೊತ್ತಿಲ್ಲ.” ಗುರುವಾರ ಹತ್ತು ಗಂಟೆಗೆ ತಪಾಸಣಾ ತಂಡ ಬರುವುದರೊಳಗೆ ಸಹಿ ಬೀಳಬೇಕು, ಇಲ್ಲವಾದರೆ ಕೆಲಸವೂ ಕ್ವಾರ್ಟರ್ಸೂ ಉಳಿಯುವುದಿಲ್ಲ ಎಂಬ ಮಾತು ಇಂಜಿನಿಯರರಿಂದಲೇ ಬಂತು. ಅವರ ಪತಿ ಆಗ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆ ಕ್ವಾರ್ಟರ್ಸಿನ ಎದುರಿಗೇ ಇತ್ತು.

ಗುರುವಾರ ಮೆಟ್ಟಿಲಿಳಿಯುತ್ತ ಕೇಳಿದೆ: “ದೇವರು ಏನಂತಾನಕ್ಕಾ?”

“ಏನೂ ಅನ್ನಲ್ಲ ಕಣೋ. ಆರು ವಾರದಿಂದ ಪ್ರಾರ್ಥನೆಯಲ್ಲಿ ಕೇಳ್ತಾನೇ ಇದ್ದೀನಿ, ತುಟಿ ಬಿಚ್ಚಿಲ್ಲ.”

“ಮತ್ತೆ?”

“ಮತ್ತೇನು, ಕೊನೇ ಸಲ ಏನು ಹೇಳಿದ್ನೋ ಅದನ್ನೇ ಮಾಡ್ತಾ ಇರೋದು. ಇಳಿ ಅಂದಿದ್ದ, ಇಳೀತಿದ್ದೀನಿ.”

ಕೆಳಗೆ ಒಸರು ಒಂಬತ್ತು ಲೀಟರೂ ಇರಲಿಲ್ಲ, ಸೊನ್ನೆ. ನನ್ನ ಉಸಿರು ನನಗೇ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ಅಕ್ಕ ಬಾವಿಯ ಮೇಲೆ ಬಾಗಿ ಎಂದಿನಂತೆ ಕೂಗಿದರು. ಅವರು ಬಾಯಿ ಮುಚ್ಚುವಷ್ಟರಲ್ಲೇ “ಇದ್ದೀನಿ” ಎಂದು ಉತ್ತರ ಬಂತು.

ಅಕ್ಕ ಮತ್ತೆ ಕೂಗಿದರು. ಮತ್ತೆ ಹಾಗೆಯೇ, ಮಾತಿನ ಬೆನ್ನಿಗೇ ಅಂಟಿಕೊಂಡು, ಬಹಳ ಹತ್ತಿರದಿಂದ. “ನಿನ್ನೆಗಿಂತ ಬೇಗ ಬಂತು” ಎಂದರು ಅಕ್ಕ, ಪಿಸುದನಿಯಲ್ಲಿ.

ಆಗ ನನ್ನ ಪದವಿ ಕೆಲಸಕ್ಕೆ ಬಂತು. ಅರವತ್ತು ಮೀಟರ್ ಇಳಿದು ಮರಳಲು ಶಬ್ದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಬೇಗ ಬಂತೆಂದರೆ ತಳ ಮೇಲೆದ್ದಿದೆ. ಅಳತೆ ಟೇಪಿಗೆ ಭಾರದ ಗುಂಡು ಕಟ್ಟಿ ಇಳಿಬಿಟ್ಟೆ. ಇಪ್ಪತ್ತೆರಡು ಮೀಟರಿಗೇ ನೀರು ತಾಗಿತು. ಸುಣ್ಣ ಕಟ್ಟಿ ರಂಧ್ರಗಳು ಮುಚ್ಚಿಹೋಗಿ, ಹೊರಬರಲಾರದ ನೀರು ಅಡಿಯಿಂದ ಅಣೆಕಟ್ಟನ್ನು ಎತ್ತುತ್ತಿತ್ತು. ಒಣ ಬಾವಿಯೆಂದು ಅದು ಅಳತೆಯ ಪಟ್ಟಿಯಲ್ಲೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ದಿನವೂ ಅಳೆದದ್ದು ನಾನು ನಗುತ್ತಿದ್ದ ಆ ಕೂಗೊಂದೇ.

ಅಕ್ಕ ಅಂಕಿ ಓದಿದರು, ನಾನು ಮರುಓದಿ ಸಹಿ ಹಾಕಿದೆ. ಮೆಟ್ಟಿಲು ಹತ್ತುವಾಗ ಅವರು ಕೇಳಿದರು: “ಟೇಪು ಸುತ್ತುವಾಗ ನೀನ್ಯಾಕೋ ‘ಇದ್ದೀನಿ’ ಅಂದೆ?” ನಾನು ಅಂದಿರಲಿಲ್ಲ. ನನಗೂ ಅದು ಕೇಳಿಸಿತ್ತು, ಅವರೇ ಅಂದರೆಂದುಕೊಂಡಿದ್ದೆ. ಇದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಪುಸ್ತಕದಲ್ಲಿ ಬರೆಯಲೂ ಇಲ್ಲ.

ಒಂಬತ್ತೂವರೆಗೆ ಅಕ್ಕ ಇಂಜಿನಿಯರರ ಮೇಜಿನ ಮೇಲೆ ಸಹಿಯಿಲ್ಲದ ಪತ್ರ, ಅಳತೆ ಪುಸ್ತಕ, ಮನೆಯ ಬೀಗದ ಕೈ ಮೂರನ್ನೂ ಇಟ್ಟರು. ಇಂಜಿನಿಯರ್ ಪುಸ್ತಕವನ್ನು ಎರಡು ಸಲ ಓದಿದರು. ಬೀಗದ ಕೈಯನ್ನು ಅಕ್ಕನ ಕಡೆಗೇ ತಳ್ಳಿ, “ಗೇಟು ಎತ್ತಿಸ್ತೀನಿ. ಇಷ್ಟು ನೀರು ಹಾಳುಮಾಡಿದ್ದಕ್ಕೆ ನನ್ನ ಕೆಲಸ ಹೋದ್ರೆ ನಿಮ್ಮ ದೇವರ ಹತ್ರ ನನ್ನದೂ ಒಂದು ಅರ್ಜಿ ಹಾಕ್ರಮ್ಮಾ” ಎಂದರು. ಐದನೆಯ ದಿನ ಜಲಾಶಯದ ಕಡೆಯ ಬಂಡೆಗೆ ಹೊಸ ರಂಧ್ರ ಕೊರೆದಾಗ ಅಲ್ಲಿ ಒತ್ತಿಕೊಂಡಿದ್ದ ನೀರು ಸುರಂಗದ ಚಾವಣಿಗೆ ಚಿಮ್ಮಿತು. ಕೆಳಗಿನ ಊರು ಎಂದಿನಂತೆ ತನ್ನ ಕೆಲಸದಲ್ಲಿತ್ತು. ಅದಕ್ಕೆ ಇಂದಿಗೂ ಈ ವಿಷಯ ಗೊತ್ತಿಲ್ಲ.

ಅಕ್ಕನವರಿಗೆ ಗಟ್ಟಿ ಕಾಲೂ ಗಟ್ಟಿ ದನಿಯೂ ಬಹುಕಾಲ ಉಳಿಯಲಿ. ಮೆಟ್ಟಿಲು ಇಳಿಯುವ ಹೊಸಬರಿಗೆ ಓದಲು, ಮರುಓದಲು ಅವರು ಇನ್ನೂ ಕಲಿಸಲಿ. ಆ ಬಾವಿ ಈಗ ಪಟ್ಟಿಯಲ್ಲಿ ಮೊದಲನೆಯದು. ಈ ಲೇಖನ ಮುಗಿಸುವ ಮೊದಲು ಇಂದು ಬೆಳಗ್ಗೆ ಇಬ್ಬರೂ ಇಳಿದೆವು. ಅಕ್ಕ ಕೂಗಿದರು, ಉತ್ತರ ತನ್ನ ಹೊತ್ತಿಗೆ ಬಂತು. ನಾನು ಟೇಪು ನೋಡಿ ಓದಿದೆ, ಅವರು ಮರುಓದಿದರು: ನೀರಿಲ್ಲ, ತಳದವರೆಗೆ ಅರವತ್ತು ಮೀಟರ್ ನಾಲ್ಕು ಸೆಂಟಿಮೀಟರ್.